ಕಕ್ಕಡದ ಪಾಯಸ, ಡಬ್ಬಿಯ ಕಾಚಂಪುಳಿ: ಗಿಡಮೂಲಿಕೆ ಮಾತ್ರೆಗೆ ಅಡ್ಡ ಬರುವುದು ಎಲ್ಲಿ?

ಆಗಸ್ಟ್ ಮೊದಲ ವಾರದಲ್ಲಿ ಕೊಡಗಿನ ಓದುಗರಿಗೆ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೆ ತಲುಪುತ್ತದೆ. ಆಗಸ್ಟ್ 3ರ, ಅಂದರೆ ಕೊಡವರ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ, ಕಕ್ಕಡ ಪದ್‌ನೆಟ್ಟ್‌ನಂದು ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧೀಯ ಗುಣಗಳು ಕೂಡಿಕೊಂಡಿರುತ್ತವೆ ಎಂಬ ಬರಹ ಮೊದಲನೆಯದು. ಅದು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಪ್ರಕಟವಾಗುತ್ತದೆ. ಎರಡನೆಯದು, ಗಿಡಮೂಲಿಕೆಯಿಂದ ಯಕೃತ್ತು ಹಾಳಾಗುತ್ತದೆ, ಮಾತ್ರೆಗಳ ಜೊತೆ ಕಷಾಯ ಬೇಡ ಎಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಎಚ್ಚರಿಕೆ. ಹೊರದೇಶಗಳ ಸುದ್ದಿಯೂ ಇದಕ್ಕೆ ಸೇರಿಕೊಂಡಿದೆ. ಅರಿಶಿನದ ಪೂರಕಗಳನ್ನು ಸೇವಿಸಿದವರಲ್ಲಿ ಯಕೃತ್ತಿನ ತೊಂದರೆಯ 18 ವರದಿಗಳು ಬಂದಿವೆ ಎಂದು ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ 2023ರ ಆಗಸ್ಟ್‌ನಲ್ಲಿ ತಿಳಿಸಿತು. ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ತಯಾರಾಗುವ ಹಣ್ಣಿನ ಸಾರವಿರುವ ಪೂರಕಗಳನ್ನು ಸೇವಿಸಬೇಡಿ ಎಂದು ಫ್ರಾನ್ಸ್‌ನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಸಲಹೆ ನೀಡಿತು. ಪಂದಿ ಕರಿಗೆ ಕಾಚಂಪುಳಿ, ಸಾರಿಗೆ ಅರಿಶಿನ, ಎಲ್ಲಕ್ಕೂ ಕರಿಮೆಣಸು ಹಾಕುವ ಮನೆಯಲ್ಲಿ ರಕ್ತದೊತ್ತಡ, ಮಧುಮೇಹ, ಥೈರಾಯ್ಡ್ ಮಾತ್ರೆಗಳ ಪಟ್ಟಿಯೂ ಇರುವಾಗ ಇವುಗಳಲ್ಲಿ ಯಾವುದನ್ನು ನಂಬಬೇಕೆಂಬ ಪ್ರಶ್ನೆ ಏಳುವುದು ಸಹಜ.

ಎರಡೂ ಬಗೆಯ ಸುದ್ದಿಗಳು ಒಂದೇ ವಿಷಯವನ್ನು ಬಿಟ್ಟುಬಿಡುತ್ತವೆ. ಯಾವ ಸಸ್ಯ ಎಂಬುದರಷ್ಟೇ ಮುಖ್ಯವಾದದ್ದು ಅದು ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ ಮತ್ತು ಯಾವ ಮಾತ್ರೆಯ ಜೊತೆ ದೇಹ ಸೇರುತ್ತದೆ ಎಂಬುದು. ಈ ನಾಲ್ಕನ್ನು ಬಿಟ್ಟು ಒಂದು ಸೊಪ್ಪನ್ನು ಒಳ್ಳೆಯದು ಅಥವಾ ಕೆಟ್ಟದ್ದು ಎನ್ನುವ ಹೇಳಿಕೆಯಿಂದ ಮಾತ್ರೆ ನುಂಗುವವರಿಗೆ ಏನೂ ಪ್ರಯೋಜನವಿಲ್ಲ.

ಮಾತ್ರೆಯ ಮಟ್ಟ ಏರುವುದು, ಇಳಿಯುವುದು

ನುಂಗಿದ ಮಾತ್ರೆ ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿರುವ ಕೆಲವು ಪ್ರೋಟೀನುಗಳು ಅದರ ಒಂದು ಪಾಲನ್ನು ಮರಳಿ ಕರುಳಿಗೇ ತಳ್ಳುತ್ತವೆ. ಕರುಳು ಮತ್ತು ಯಕೃತ್ತಿನ ಕಿಣ್ವಗಳು ಇನ್ನೊಂದು ಪಾಲನ್ನು ಒಡೆದು ಹಾಕುತ್ತವೆ. ವೈದ್ಯರು ಬರೆಯುವ ಪ್ರಮಾಣವು ಈ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿದೇ ನಿಗದಿಯಾಗಿರುತ್ತದೆ. ಈ ಕಿಣ್ವಗಳು ಗದ್ದೆಯ ತೂಬಿನಂತೆ: ಸಸ್ಯದ ಯಾವುದೋ ಅಂಶ ತೂಬನ್ನು ಮುಚ್ಚಿದರೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ತೂಬನ್ನು ಅಗಲಿಸಿದರೆ ಔಷಧ ಬೇಗನೆ ಬರಿದಾಗಿ ಕಾಯಿಲೆ ಮತ್ತೆ ತಲೆಯೆತ್ತುತ್ತದೆ.

ಎರಡಕ್ಕೂ ಪ್ರಸಿದ್ಧ ನಿದರ್ಶನಗಳಿವೆ. ಕೆನಡಾದ ಸಂಶೋಧಕರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆ ಮತ್ತು ಮದ್ಯದ ಮೇಲೆ ಪ್ರಯೋಗ ನಡೆಸುವಾಗ ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಬಳಸಿದರು; ರಕ್ತದಲ್ಲಿ ಮಾತ್ರೆಯ ಮಟ್ಟ ನಿರೀಕ್ಷೆಗಿಂತ ಬಹಳ ಹೆಚ್ಚಾಗಿ ಕಂಡಿತು. ಕರುಳಿನ ಕಿಣ್ವವನ್ನು ಆ ರಸ ತಡೆದದ್ದೇ ಕಾರಣವೆಂದು ಮುಂದೆ ತಿಳಿಯಿತು. 1989ರಲ್ಲಿ ಇದು ವರದಿಯಾಯಿತು. ಕೊಡಗಿನ ಹಿತ್ತಲಲ್ಲಿ ಬೆಳೆಯುವ ಚಕ್ಕೋತವೂ ಇದೇ ಬಳಗದ್ದು ಮತ್ತು ಅದರಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ. ಕೊಡಗಿನ ಕಿತ್ತಳೆಯಂಥ ಮ್ಯಾಂಡರಿನ್ ಜಾತಿಯ ಹಣ್ಣುಗಳಿಗೆ ಈ ದೋಷ ಅಂಟಿಲ್ಲ. ವಿರುದ್ಧ ದಿಕ್ಕಿನ ನಿದರ್ಶನ ಯುರೋಪಿನ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯದು. ಖಿನ್ನತೆಗೆಂದು ಅದನ್ನು ಸೇವಿಸಿದ, ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರಲ್ಲಿ ಕಸಿಯ ತಿರಸ್ಕಾರವನ್ನು ತಡೆಯುವ ಸೈಕ್ಲೋಸ್ಪೋರಿನ್ ಔಷಧದ ಮಟ್ಟ ಕುಸಿದು, ದೇಹವು ಕಸಿಯ ಹೃದಯವನ್ನು ತಿರಸ್ಕರಿಸತೊಡಗಿದ ಪ್ರಕರಣ 2000ದಲ್ಲಿ ಪ್ರಕಟವಾಯಿತು.

ಎಲ್ಲ ಮಾತ್ರೆಗಳೂ ಇಷ್ಟು ಸೂಕ್ಷ್ಮವಲ್ಲ. ಪ್ಯಾರಾಸಿಟಮಾಲ್ ಮಟ್ಟ ಹತ್ತಿಪ್ಪತ್ತು ಶೇಕಡಾ ಅತ್ತಿತ್ತ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಸಿನೋಕೌಮರಾಲ್, ಹೃದ್ರೋಗದ ಡಿಗಾಕ್ಸಿನ್, ಅಪಸ್ಮಾರದ ಫೆನಿಟಾಯಿನ್, ಉಬ್ಬಸದ ಥಿಯೋಫಿಲಿನ್, ಮನೋರೋಗದ ಲಿಥಿಯಂ ಮತ್ತು ಕಸಿ ಮಾಡಿಸಿಕೊಂಡವರ ಟ್ಯಾಕ್ರೋಲಿಮಸ್, ಸೈಕ್ಲೋಸ್ಪೋರಿನ್‌ಗಳಲ್ಲಿ ಗುಣ ಕೊಡುವ ಮಟ್ಟಕ್ಕೂ ಅಪಾಯದ ಮಟ್ಟಕ್ಕೂ ನಡುವಿನ ಅಂತರ ಬಹಳ ಕಿರಿದು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಪಟ್ಟಿಯವರಿಗೇ ಅನ್ವಯಿಸುತ್ತವೆ.

ಮದ್ದುಸೊಪ್ಪು ಮತ್ತು ಕೆಂಪು ಮೂತ್ರ

ಕಾಫಿ ತೋಟದ ನೆರಳಿನಲ್ಲೂ ಕಾಡಂಚಿನಲ್ಲೂ ಬೆಳೆಯುವ, ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್ ಎನಿಸಿಕೊಂಡಿರುವ ಮದ್ದುಸೊಪ್ಪನ್ನು ಕಕ್ಕಡದ ಹದಿನೆಂಟನೆಯ ದಿನ ಕುದಿಸಿ, ಅದರ ಗಾಢ ನೇರಳೆ ರಸದಲ್ಲಿ ಪಾಯಸ ಅಥವಾ ಮದ್ದ್ ಪುಟ್ಟ್ ಮಾಡುವುದು ವಾಡಿಕೆ. ಅರೆಭಾಷೆ ಗೌಡರ ಮನೆಗಳಲ್ಲಿ ಇದೇ ಆಟಿಯ ಪಾಯಸ. ಬೆಂಗಳೂರು, ಮೈಸೂರಿನಲ್ಲಿರುವವರಿಗೂ ಊರಿನಿಂದ ಕಟ್ಟು ಕಟ್ಟಾಗಿ ಸೊಪ್ಪು ಹೋಗುತ್ತದೆ. ಇದರ ಮೇಲಿನ ವೈಜ್ಞಾನಿಕ ಕೆಲಸ ಬಹುಪಾಲು ಪ್ರಯೋಗಾಲಯದ್ದು: ಸಾರದ ಉತ್ಕರ್ಷಣ ನಿರೋಧಕ ಗುಣ, ಅದರಲ್ಲಿರುವ ರಾಸಾಯನಿಕ ವರ್ಗಗಳು, ಇಲಿಗಳಲ್ಲಿ ಕೊಬ್ಬಿನ ಅಂಶದ ಮೇಲೆ ಅದರ ಪರಿಣಾಮ ಇತ್ಯಾದಿ. ಇವುಗಳ ಆಧಾರದ ಮೇಲೆ ಸೊಪ್ಪು ಮನುಷ್ಯನ ಕಾಯಿಲೆಯನ್ನು ಗುಣಪಡಿಸುತ್ತದೆ ಎಂದೂ ಹೇಳಲಾಗದು, ಇಂಥ ಮಾತ್ರೆಗೆ ಅಡ್ಡಿಪಡಿಸುತ್ತದೆ ಎಂದೂ ಹೇಳಲಾಗದು. ವರ್ಷಕ್ಕೊಮ್ಮೆ, ಒಂದು ಬಟ್ಟಲಿನಷ್ಟು, ಕುದಿಸಿದ ರೂಪದಲ್ಲಿ ತಲೆಮಾರುಗಳಿಂದ ತಿನ್ನುತ್ತ ಬಂದಿರುವ ಆಹಾರದಿಂದ ತಕ್ಷಣದ ವಿಷಬಾಧೆ ಇದ್ದಿದ್ದರೆ ಅದು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಹಾಗಿದ್ದರೂ ಈ ಸೊಪ್ಪಿನ ಒಂದು ಪರಿಣಾಮ ಮಾತ್ರೆ ನುಂಗುವವರಿಗೆ ನಿಜವಾಗಿಯೂ ಮುಖ್ಯ. ಅದನ್ನು ಕೊಡಗಿನವರೆಲ್ಲ ಬಲ್ಲರು, ಆದರೆ ಆ ದೃಷ್ಟಿಯಿಂದ ನೋಡುವುದಿಲ್ಲ. ಪಾಯಸ ತಿಂದ ಮರುದಿನ ಮೂತ್ರ ಕೆಂಪಗಾಗುತ್ತದೆ, ಮತ್ತು ಹಾಗಾದರೆ ಮದ್ದು ಮೈಗೆ ಹತ್ತಿತು ಎಂದು ಸಂತೋಷಪಡಲಾಗುತ್ತದೆ. ಬಣ್ಣ ಸೊಪ್ಪಿನ ವರ್ಣದ್ರವ್ಯದಿಂದ ಬಂದದ್ದಾದ್ದರಿಂದ ಅದರಷ್ಟಕ್ಕೆ ಅಪಾಯವಿಲ್ಲ. ಆದರೆ ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಸೇವಿಸುವವರಿಗೆ ವೈದ್ಯರು ಹೇಳಿಕೊಟ್ಟಿರುವ ಅಪಾಯದ ಚಿಹ್ನೆಗಳಲ್ಲಿ ಕೆಂಪು ಮೂತ್ರವೂ ಒಂದು, ಏಕೆಂದರೆ ಔಷಧ ಹೆಚ್ಚಾದಾಗ ಒಳಗಿನ ರಕ್ತಸ್ರಾವ ಹೀಗೆ ಕಾಣಿಸಿಕೊಳ್ಳಬಹುದು. ಇಲ್ಲಿ ಎರಡು ತಪ್ಪುಗಳಿಗೆ ಎಡೆಯಿದೆ. ಸೊಪ್ಪಿನ ಬಣ್ಣವನ್ನು ರಕ್ತವೆಂದು ಭಾವಿಸಿ ಗಾಬರಿಯಿಂದ ಮಾತ್ರೆ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ರಕ್ತವನ್ನು ಸೊಪ್ಪಿನ ಬಣ್ಣವೆಂದು ಕಡೆಗಣಿಸಿದರೆ ಅಪಾಯ ಅದಕ್ಕಿಂತ ಹತ್ತಿರ.

ಕ್ಷಯರೋಗಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರ ಮೂತ್ರ ಔಷಧದಿಂದಲೇ ಕಿತ್ತಳೆಗೆಂಪಾಗಿರುತ್ತದೆ. ಇನ್ನು ಕಕ್ಕಡ ಎಂದರೆ ನಾಟಿಯ ಕಾಲ, ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವ ಕಾಲ, ಇಲಿಜ್ವರ ಹರಡುವ ಕಾಲ. ಆ ಜ್ವರ ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ಇಳಿದಾಗ ಮೂತ್ರದ ಬಣ್ಣ ಗಾಢವಾಗುತ್ತದೆ. ಜ್ವರ, ಮೈಕೈ ನೋವು, ಕಣ್ಣಿನ ಹಳದಿ ಇರುವಾಗ ಬಣ್ಣಗೆಟ್ಟ ಮೂತ್ರವನ್ನು ಪಾಯಸದ ಲೆಕ್ಕಕ್ಕೆ ಬರೆದುಬಿಟ್ಟರೆ ಒಂದೆರಡು ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಸೊಪ್ಪು ತಿನ್ನುವ ಮೊದಲೇ ಬಣ್ಣ ಬಂದಿದ್ದರೆ, ಎರಡು ದಿನ ಕಳೆದರೂ ಹೋಗದಿದ್ದರೆ, ನೋವು, ಜ್ವರ ಅಥವಾ ಹೆಪ್ಪುಗಟ್ಟಿದ ತುಣುಕುಗಳು ಜೊತೆಗಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಬಣ್ಣ ಬದಲಾಗುವ ಪಟ್ಟಿಯ ಪರೀಕ್ಷೆಯನ್ನು ಓದುವಾಗ ಬಣ್ಣದ ಮೂತ್ರವೇ ದಾರಿ ತಪ್ಪಿಸಬಹುದು. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣ ಕಾಣುತ್ತದೆಯೋ ಇಲ್ಲವೋ ಎಂಬುದು ನಿರ್ಧಾರಕ. ಪಾಯಸ ತಿಂದ ವಿಷಯವನ್ನು ವೈದ್ಯರಿಗೆ ಹೇಳುವುದು ಅಷ್ಟೇ ಅಗತ್ಯ. ಹೊರ ಜಿಲ್ಲೆಯಿಂದ ಬಂದ ವೈದ್ಯರಿಗೆ ಕಕ್ಕಡ ಪದ್‌ನೆಟ್ಟ್ ಗೊತ್ತಿರಬೇಕೆಂದೇನೂ ಇಲ್ಲ.

ಮಧುಮೇಹಿಗಳಿಗೆ ಇಲ್ಲಿನ ನಿಜವಾದ ಸಮಸ್ಯೆ ಸೊಪ್ಪಲ್ಲ, ಪಾಯಸದ ಬೆಲ್ಲ ಮತ್ತು ಅಕ್ಕಿ. ಅದಕ್ಕಿಂತ ಕೆಟ್ಟದ್ದು, ಮದ್ದು ತಿಂದಾಯಿತು ಎಂದು ಆ ದಿನದ ಮಾತ್ರೆಯನ್ನು ಬಿಡುವುದು.

ಮಳೆಗಾಲದ ಸೊಪ್ಪುಗಳು

ವಾರ್ಫರಿನ್ ಸೇವಿಸುವವರ ವಿಷಯದಲ್ಲಿ ಮಳೆಗಾಲದ ಊಟವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಹಸಿರು ಸೊಪ್ಪುಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ನೇರ ವಿರೋಧಿ. ಬೇಸಗೆಯಲ್ಲಿ ಸೊಪ್ಪು ಕಡಿಮೆ ತಿನ್ನುತ್ತಿದ್ದಾಗ ಹೊಂದಿಸಿದ ಪ್ರಮಾಣವು, ಮಳೆ ಹಿಡಿದು ಕೆಸುವಿನೆಲೆ, ತೆರ್ಮೆ ತೊಪ್ಪು ದಿನವೂ ತಟ್ಟೆಗೆ ಬಂದಾಗ ಸಾಲದೆ ಹೋಗಬಹುದು. ಮಳೆ ನಿಂತು ಸೊಪ್ಪು ಕಡಿಮೆಯಾದಾಗ ಅದೇ ಪ್ರಮಾಣ ಅತಿಯಾಗಬಹುದು. ಸೊಪ್ಪು ಬಿಡಿ ಎಂಬ ಸಲಹೆ ಹಳೆಯದು ಮತ್ತು ಅನಗತ್ಯ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವುದು, ಊಟದ ಕ್ರಮ ಬದಲಾದಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ತುಸು ಬೇಗ ಮಾಡಿಸುವುದು ಸಾಕು.

ಕರಿಮೆಣಸಿನ ಲೆಕ್ಕ

ಅಡುಗೆಯಲ್ಲಿ ಬಳಸುವುದೆಲ್ಲ ಸುರಕ್ಷಿತ, ಕ್ಯಾಪ್ಸೂಲಿನಲ್ಲಿರುವುದೆಲ್ಲ ಅಪಾಯಕಾರಿ ಎಂದು ಸರಳವಾಗಿ ಗೆರೆ ಎಳೆಯಲು ಕರಿಮೆಣಸು ಬಿಡುವುದಿಲ್ಲ. ಅದರ ಖಾರಕ್ಕೆ ಕಾರಣವಾದ ಪೈಪರಿನ್, ಗ್ರೇಪ್‌ಫ್ರೂಟಿನಂತೆಯೇ, ಔಷಧವನ್ನು ಒಡೆಯುವ ಕಿಣ್ವವನ್ನೂ ಹೊರದಬ್ಬುವ ಪ್ರೋಟೀನನ್ನೂ ತಡೆಯುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್‌ನ 2 ಗ್ರಾಂ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಕರ್ಕ್ಯುಮಿನ್ ಹೀರಿಕೆ ಶೇಕಡಾ 2000ದಷ್ಟು ಹೆಚ್ಚಿತು. ಇಂದು ಮಾರುಕಟ್ಟೆಯಲ್ಲಿರುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಸೇರಿರುವುದಕ್ಕೆ ಈ ಅಧ್ಯಯನವೇ ಮುಖ್ಯ ಪ್ರೇರಣೆ. ಅದೇ ಹೊತ್ತಿಗೆ, ಸಾರಿನಲ್ಲಿ ಹಾನಿ ಮಾಡದ ಅರಿಶಿನ ಕ್ಯಾಪ್ಸೂಲಿನಲ್ಲಿ ಕೆಲವರ ಯಕೃತ್ತನ್ನು ಏಕೆ ಕೆರಳಿಸುತ್ತದೆ ಎಂಬ ಪ್ರಶ್ನೆಗೂ ಉತ್ತರದ ಒಂದು ಎಳೆ ಇಲ್ಲಿದೆ.

ಮೆಣಸಿನ ಈ ಗುಣವನ್ನು ವೈದ್ಯಶಾಸ್ತ್ರ ಬುದ್ಧಿಪೂರ್ವಕವಾಗಿಯೂ ಬಳಸಿಕೊಂಡಿದೆ. ಜಮ್ಮುವಿನ ಸರ್ಕಾರಿ ಸಂಶೋಧನಾಲಯದ ಕೆಲಸದಿಂದ ರೂಪುಗೊಂಡ ಕ್ಷಯರೋಗದ ಒಂದು ಸಂಯುಕ್ತ ಔಷಧದಲ್ಲಿ 10 ಮಿಲಿಗ್ರಾಂ ಪೈಪರಿನ್ ಸೇರಿಸಿ, ರಿಫಾಂಪಿಸಿನ್ ಪ್ರಮಾಣವನ್ನು 450 ಮಿಲಿಗ್ರಾಂನಿಂದ 200 ಮಿಲಿಗ್ರಾಂಗೆ ಇಳಿಸಲಾಯಿತು. ಗಿಡಮೂಲಿಕೆ ಮತ್ತು ಮಾತ್ರೆಯ ನಡುವೆ ಪರಸ್ಪರ ಪರಿಣಾಮವೇ ಇಲ್ಲ ಎನ್ನುವವರಿಗೆ ಇದಕ್ಕಿಂತ ಚೆನ್ನಾದ ಉತ್ತರ ಬೇಕಿಲ್ಲ.

ಈಗ ಅಡುಗೆಮನೆಯ ಲೆಕ್ಕ. ಒಣ ಮೆಣಸಿನ ತೂಕದಲ್ಲಿ ಪೈಪರಿನ್ ಸಾಮಾನ್ಯವಾಗಿ ಶೇಕಡಾ 5ರಿಂದ 9ರಷ್ಟಿರುತ್ತದೆ. ಅಂದರೆ 20 ಮಿಲಿಗ್ರಾಂ ಪೈಪರಿನ್‌ಗೆ ಅರ್ಧ ಗ್ರಾಮಿಗಿಂತಲೂ ಕಡಿಮೆ ಮೆಣಸು ಸಾಕು. ಶೀತ ಕೆಮ್ಮಿಗೆಂದು ಕುದಿಸುವ ಕಷಾಯದ ಒಂದು ಲೋಟದಲ್ಲಿ ಇಷ್ಟು ಮೆಣಸು ಸುಲಭವಾಗಿ ಇರುತ್ತದೆ. ಕಾಳಿನಿಂದ ಬಿಡುಗಡೆಯಾಗುವ ಪೈಪರಿನ್ ಶುದ್ಧ ಪೈಪರಿನ್‌ನಷ್ಟು ಪೂರ್ತಿಯಾಗಿ ದೇಹ ಸೇರುವುದಿಲ್ಲ ಎಂಬುದು ನಿಜ. ಆದರೂ ಫೆನಿಟಾಯಿನ್, ಪ್ರೊಪ್ರಾನೊಲಾಲ್, ಥಿಯೋಫಿಲಿನ್‌ಗಳ ಮಟ್ಟವನ್ನು ಪೈಪರಿನ್ ಏರಿಸುವುದು ಮನುಷ್ಯರ ಮೇಲಿನ ಸಣ್ಣ ಅಧ್ಯಯನಗಳಲ್ಲಿ ಕಂಡಿದೆ.

ಹಾಗಾದರೆ ದಿನಾ ಮೆಣಸು ತಿನ್ನುವ ಕೊಡಗಿನಲ್ಲಿ ಇದರ ತೊಂದರೆ ಏಕೆ ಎದ್ದು ಕಾಣುವುದಿಲ್ಲ? ಅಪಸ್ಮಾರದ ರೋಗಿಗೆ ಫೆನಿಟಾಯಿನ್ ಪ್ರಮಾಣ ಹೊಂದಿಸುವಾಗ ಅವರು ಮೆಣಸಿನ ಊಟವನ್ನೇ ಮಾಡುತ್ತಿರುತ್ತಾರೆ, ಆದ್ದರಿಂದ ಮೆಣಸಿನ ಪ್ರಭಾವವೂ ಆ ಪ್ರಮಾಣದಲ್ಲಿ ಅಡಗಿರುತ್ತದೆ. ಅಪಾಯ ಹುಟ್ಟುವುದು ರೂಢಿ ಬದಲಾದಾಗ: ರೋಗನಿರೋಧಕ ಶಕ್ತಿಗೆಂದು ಇದ್ದಕ್ಕಿದ್ದಂತೆ ದಿನಕ್ಕೆರಡು ಲೋಟ ಮೆಣಸು ಶುಂಠಿ ಕಷಾಯ ಶುರುವಾದಾಗ, ಅಥವಾ ಪೈಪರಿನ್ ಬೆರೆತ ಪೂರಕ ಮನೆಗೆ ಬಂದಾಗ. ಕಷಾಯದಲ್ಲಿ ಜ್ಯೇಷ್ಠಮಧುವೂ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅದು ದಿನಗಟ್ಟಲೆ ಹೊಟ್ಟೆ ಸೇರಿದರೆ ದೇಹದ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ಹೃದ್ರೋಗಿಯಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಲಯವೇ ತಪ್ಪಬಹುದು.

ಮೂಲಿಕೆಯ ಸಾಲಿಗೆ ಸೇರದಿದ್ದರೂ ಕಾಫಿಯನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಈ ಜಿಲ್ಲೆಯಲ್ಲಿ ದಿನನಿತ್ಯ ನಡೆಯುವ ಇಂಥ ಅಡ್ಡಿ ಬಹುಶಃ ಅದರದ್ದೇ. ಥೈರಾಯ್ಡಿನ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗಿದರೆ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ನುಂಗಿ ಅರ್ಧದಿಂದ ಒಂದು ಗಂಟೆ ತಡೆದು ಕಾಫಿ ಕುಡಿಯಬೇಕು.

ಕಾಚಂಪುಳಿ ಮತ್ತು ಅಮೃತಬಳ್ಳಿ

ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿದರೆ ಕಾಚಂಪುಳಿ. ಪಂದಿ ಕರಿಗೆ ಬೀಳುವುದು ಒಂದೆರಡು ಚಮಚ, ಅದೂ ಹಲವರ ತಟ್ಟೆಗೆ ಹಂಚಿಹೋಗುತ್ತದೆ. ಇದೇ ಹಣ್ಣಿನ ಸಿಪ್ಪೆಯಿಂದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಸಾಂದ್ರವಾಗಿ ತೆಗೆದು, ತೂಕ ಇಳಿಸುವ ಕ್ಯಾಪ್ಸೂಲಾಗಿ ಗಾರ್ಸೀನಿಯಾ ಕಾಂಬೋಜಿಯಾ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಲಾಗುತ್ತದೆ. ದಿನಕ್ಕೆ ಎರಡು ಮೂರು ಬಾರಿ, ತಿಂಗಳುಗಟ್ಟಲೆ ಅದನ್ನು ನುಂಗಿದ ಕೆಲವರಲ್ಲಿ ತೀವ್ರ ಯಕೃತ್ ಹಾನಿಯ ಪ್ರಕರಣಗಳು ದಾಖಲಾಗಿವೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದಾಗ ಸೆರೊಟೋನಿನ್ ಎಂಬ ನರಗಳ ರಾಸಾಯನಿಕ ಅತಿಯಾಗಿ ನಡುಕ, ಬೆವರು, ಗೊಂದಲ ಉಂಟಾದ ವರದಿಯೂ ಇದೆ. ಗಾರ್ಸೀನಿಯಾ, ಅರಿಶಿನ ಮತ್ತು ಹಸಿರು ಚಹಾದ ಸಾರಗಳಿಂದ ಯಕೃತ್ತಿಗೆ ಹಾನಿಯಾದವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದೇ ವಂಶವಾಹಿ ಲಕ್ಷಣ ಹೆಚ್ಚಾಗಿ ಕಾಣಿಸಿಕೊಂಡಿರುವುದು ಗಮನಾರ್ಹ. ಹತ್ತು ಜನ ತಿಂದು ಚೆನ್ನಾಗಿರುವಾಗ ಹನ್ನೊಂದನೆಯವರಿಗೆ ಕಾಮಾಲೆ ಏಕೆ ಬಂತು ಎಂಬುದಕ್ಕೆ ಇದು ಭಾಗಶಃ ವಿವರಣೆ. ಫ್ರಾನ್ಸಿನ ಎಚ್ಚರಿಕೆ ಕ್ಯಾಪ್ಸೂಲಿಗೆ ಸಂಬಂಧಿಸಿದ್ದು. ಅದನ್ನು ಓದಿ ಅಡುಗೆಮನೆಯ ಬಾಟಲಿಯನ್ನು ಚೆಲ್ಲಬೇಕಿಲ್ಲ. ಆದರೆ ಅಜ್ಜಿಯ ಕಾಲದಿಂದ ತಿಂದ ಹಣ್ಣು ಎಂಬ ಧೈರ್ಯದ ಮೇಲೆ ಕ್ಯಾಪ್ಸೂಲನ್ನು ನಂಬುವುದೂ ತಪ್ಪು, ಏಕೆಂದರೆ ಅಜ್ಜಿ ಆ ಪ್ರಮಾಣವನ್ನು ಕಂಡವರಲ್ಲ.

ಅಮೃತಬಳ್ಳಿಯ ಚರ್ಚೆ ಇನ್ನೂ ಜಟಿಲ. ಕೋವಿಡ್ ಕಾಲದಲ್ಲಿ ಅದರ ಕಷಾಯ, ರಸ, ಮಾತ್ರೆ ಮನೆ ಮನೆಗೂ ಹೋಯಿತು. 2021ರಲ್ಲಿ ಮುಂಬೈಯ ವೈದ್ಯರು ಆರು ರೋಗಿಗಳಲ್ಲಿ ಅದಕ್ಕೆ ಸಂಬಂಧಿಸಿದ ಯಕೃತ್ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ; ರೋಗಿಗಳು ಸೇವಿಸಿದ್ದು ಅದೇ ಬಳ್ಳಿಯೆಂದು ಖಚಿತಪಡಿಸಿಕೊಂಡಿಲ್ಲ, ಅದನ್ನೇ ಹೋಲುವ ಇನ್ನೊಂದು ಜಾತಿ ಇದ್ದಿರಬಹುದು ಎಂದಿತು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ಯಕೃತ್ ತಜ್ಞರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಹಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣಗಳಿದ್ದವು. ರಕ್ಷಣಾ ಶಕ್ತಿಯನ್ನು ಕೆರಳಿಸುವ ಗುಣ ಬಳ್ಳಿಗಿದೆ ಎಂದಾದರೆ ಸಂಧಿವಾತ, ಲೂಪಸ್ ಇರುವವರು ಮತ್ತು ಅಂಗಾಂಗ ಕಸಿಯಾದವರು, ಅಂದರೆ ಅದೇ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರು, ಅದರಿಂದ ದೂರವಿರುವುದು ತರ್ಕಬದ್ಧ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸಕ್ಕರೆ ಇನ್ನಷ್ಟು ಇಳಿಯುವ ಸಾಧ್ಯತೆಯೂ ಇದೆ.

ಯಾರ ವಾದಕ್ಕೆ ಎಷ್ಟು ತೂಕ

ಸಸ್ಯದ ಗುರುತು ಖಚಿತವಿಲ್ಲ ಎಂಬ ಆಯುಷ್ ಸಚಿವಾಲಯದ ವಾದವನ್ನು ತಳ್ಳಿಹಾಕುವಂತಿಲ್ಲ. ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಕರಾವಳಿಯಲ್ಲಿ, ಕತ್ತಲಲ್ಲಿ ಕಾಸರಕದ ತೊಗಟೆ ತಂದು ಪ್ರಾಣಕ್ಕೇ ಕುತ್ತು ತಂದುಕೊಂಡ ಪ್ರಕರಣಗಳು ನಡೆದಿವೆ. ಆದರೆ ಈ ವಾದ ಎರಡು ಕಡೆಗೂ ಕೊಯ್ಯುತ್ತದೆ: ತಜ್ಞರ ವರದಿಯಲ್ಲೇ ಬಳ್ಳಿಯ ಗುರುತು ಕಷ್ಟವಾಗಿದ್ದರೆ, ಪೇಟೆಯಿಂದ ಪುಡಿ ತರುವವರಿಗೆ ಅದು ಇನ್ನೂ ಕಷ್ಟ. ಯಕೃತ್ ತಜ್ಞರ ಮಾತಿಗೂ ಮಿತಿಯಿದೆ. ಅವರ ಬಳಿಗೆ ಬರುವುದು ಕಾಯಿಲೆ ಬಿದ್ದವರು ಮಾತ್ರ. ಎಷ್ಟು ಜನ ಸೇವಿಸಿ ಆರೋಗ್ಯವಾಗಿದ್ದಾರೆ ಎಂಬ ಸಂಖ್ಯೆ ಅವರ ಲೆಕ್ಕದಲ್ಲಿಲ್ಲ. ಪರಂಪರೆಯ ಪರವಾದ ವಾದದ ದೌರ್ಬಲ್ಯ ಬೇರೆ ಬಗೆಯದು. ತಲೆಮಾರುಗಳ ಅನುಭವ ತಿಂದೊಡನೆ ಆಗುವ ಕೆಡುಕನ್ನು ಗುರುತಿಸಬಲ್ಲದು, ಮೂರು ವಾರದ ಮೇಲೆ ಐಎನ್‌ಆರ್ ಏರಿಳಿದದ್ದನ್ನು ಗುರುತಿಸಲಾರದು. ಆ ಅನುಭವ ಬೆಳೆದ ಕಾಲದಲ್ಲಿ ದಿನಕ್ಕೆ ಐದು ಮಾತ್ರೆ ನುಂಗುವ ಎಪ್ಪತ್ತರ ಹಿರಿಯರೂ ಇರಲಿಲ್ಲ.

ಜಾಹೀರಾತಿನ ನಿಯಮ ಮತ್ತು ಮುಂದಿನ ಪರಿಣಾಮ

ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ಮುಂಚಿತ ಅನುಮತಿ ಬೇಕೆಂದಿದ್ದ, ಔಷಧ ನಿಯಮಾವಳಿಯ 170ನೆಯ ನಿಯಮವನ್ನು ಕೇಂದ್ರವು 2024ರ ಜುಲೈಯಲ್ಲಿ ಕೈಬಿಟ್ಟಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತಾದರೂ, 2025ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘದ ಅರ್ಜಿಯನ್ನು ಮುಕ್ತಾಯಗೊಳಿಸಿತು; ಅದರೊಂದಿಗೆ ತಡೆಯೂ ಹೋಯಿತು. ಸುಳ್ಳು ಚಿಕಿತ್ಸೆಯ ಜಾಹೀರಾತುಗಳ ವಿರುದ್ಧದ 1954ರ ಕಾಯ್ದೆ ಈಗಲೂ ಇದೆ. ಆದರೆ ಅದು ಜಾಹೀರಾತು ಪ್ರಕಟವಾದ ಮೇಲೆ ಕೆಲಸ ಮಾಡುವಂಥದ್ದು. ಜೊತೆಗೆ ಒಂದೇ ಸಸ್ಯದ ಸಾರ ಒಮ್ಮೆ ಆಯುಷ್ ಔಷಧವಾಗಿ, ಮತ್ತೊಮ್ಮೆ ಆಹಾರ ಪೂರಕವಾಗಿ ಬೇರೆ ಬೇರೆ ಇಲಾಖೆಗಳ ಕೆಳಗೆ ಮಾರಾಟವಾಗುತ್ತದೆ. ಹೀಗಾಗಿ ಡಬ್ಬಿಯ ಮೇಲೆ ಗುಣಗಳ ಪಟ್ಟಿ ಉದ್ದವಾಗಿಯೂ, ಯಾವ ಮಾತ್ರೆಯ ಜೊತೆ ಬೇಡ ಎಂಬ ಸಾಲು ಇಲ್ಲದೆಯೂ ಇರುವುದು ಮುಂದುವರಿಯುವ ಸಂಭವವೇ ಹೆಚ್ಚು. ಇಂದು ಹಸಿಯಾಗಿ ಸಿಗುವ ಮದ್ದುಸೊಪ್ಪು ನಾಳೆ ಸಾಂದ್ರ ಸಾರವಾಗಿ, ವರ್ಷವಿಡೀ ನುಂಗುವ ಕ್ಯಾಪ್ಸೂಲಾಗಿ ಬಂದರೆ, ವರ್ಷಕ್ಕೊಂದು ದಿನದ ಪಾಯಸದ ಸುರಕ್ಷತೆಯನ್ನು ಅದಕ್ಕೆ ಸಾಕ್ಷಿಯಾಗಿ ಒಪ್ಪುವಂತಿಲ್ಲ.

ಯಾವುದು ಯಾವ ಮಾತ್ರೆಗೆ ಅಡ್ಡ ಬರುತ್ತದೆ ಎಂದು ನೋಡಿಕೊಳ್ಳುವ ಹೊರೆ ಸದ್ಯಕ್ಕೆ ರೋಗಿ ಮತ್ತು ವೈದ್ಯರ ಮೇಲೆಯೇ ಇದೆ. ಕಿರಿದಾದ ಅಂತರದ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು ಹೊಸ ಕಷಾಯ ಅಥವಾ ಪೂರಕ ಶುರುಮಾಡುವ ಮೊದಲು ಕೇಳಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಪೂರಕಗಳನ್ನು ಎರಡು ವಾರ ಮೊದಲೇ ನಿಲ್ಲಿಸುವುದು ಅರಿವಳಿಕೆ ತಜ್ಞರ ಸಾಮಾನ್ಯ ಸಲಹೆ. ವೈದ್ಯರೂ ಬೈಗುಳದ ಭಯ ಹುಟ್ಟದ ಹಾಗೆ ಕೇಳಬೇಕು, ಇಲ್ಲದಿದ್ದರೆ ರೋಗಿಗಳು ಹೇಳುವುದೇ ಇಲ್ಲ. ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ಮೈ ಮೇಲೆ ನೀಲಿ ಕಲೆಗಳೇಳುವುದು, ತಲೆಸುತ್ತು, ಹೃದಯದ ಬಡಿತ ತಪ್ಪುವುದು ಕಂಡರೆ ಪೂರಕವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಬರೆದ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಇಂಥ ಅಡ್ಡಪರಿಣಾಮಗಳನ್ನು ರೋಗಿಗಳೇ ನೇರವಾಗಿ ದಾಖಲಿಸಲು ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024 ಇದೆ. ಆಯುಷ್ ಔಷಧಗಳಿಗಾಗಿ 2018ರಿಂದ ಪ್ರತ್ಯೇಕ ವ್ಯವಸ್ಥೆಯೂ ನಡೆಯುತ್ತಿದೆ. ವರದಿ ಮಾಡುವಾಗ ಡಬ್ಬಿ, ಉಳಿದ ಪುಡಿ ಅಥವಾ ಬಳ್ಳಿಯ ತುಂಡನ್ನು ಎಸೆಯದೆ ಇಟ್ಟುಕೊಂಡಿದ್ದರೆ, ಅದು ನಿಜಕ್ಕೂ ಯಾವ ಸಸ್ಯ ಎಂಬ ತಕರಾರನ್ನಾದರೂ ಪರೀಕ್ಷೆಯಿಂದ ಬಗೆಹರಿಸಬಹುದು.